ಮೂರು ವೇಗ, ಒಂದು ಸಮ: ವಾದ್ಯವೃಂದಕ್ಕೆ ಹಲವು ಕಾಲಪ್ರಮಾಣದ ಸಂಗೀತ ಬರೆಯುವುದು ಹೇಗೆ?

ಒಂದೇ ರಚನೆಯಲ್ಲಿ ಕೊಳಲು ಒಂದು ವೇಗದಲ್ಲಿ, ಪಿಟೀಲು ಇನ್ನೊಂದು ವೇಗದಲ್ಲಿ ಸಾಗಬೇಕೆಂದು ಬರೆಯಲು ಕೂತವರಿಗೆ ಎರಡು ತೊಂದರೆಗಳಲ್ಲಿ ಒಂದು ತಪ್ಪಿದ್ದಲ್ಲ. ಅಭ್ಯಾಸ ಶುರುವಾದ ಸ್ವಲ್ಪ ಹೊತ್ತಿಗೇ ಎರಡೂ ಗುಂಪು ತಮಗೇ ಗೊತ್ತಾಗದಂತೆ ಒಂದೇ ವೇಗಕ್ಕೆ ಬಂದು ನಿಲ್ಲುತ್ತವೆ. ಇಲ್ಲವೇ ವೇಗಗಳೇನೋ ಬೇರೆಯಾಗಿ ಉಳಿಯುತ್ತವೆ, ಕೇಳುವವರಿಗೆ ಮಾತ್ರ ಯಾರೋ ತಾಳ ತಪ್ಪಿದ ಹಾಗೆ ಕೇಳಿಸುತ್ತದೆ. ಆಗ ವಾದಕರು ಮೆಟ್ರೊನೋಮನ್ನು ದೂರುತ್ತಾರೆ, ಬರೆದವರು ವಾದಕರನ್ನು ದೂರುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಬರವಣಿಗೆಯಲ್ಲಿ. ವೇಗಗಳನ್ನು ಮೊದಲು ಆರಿಸಿ, ಅವು ಎಲ್ಲಿ ಕೂಡಬೇಕು ಎಂಬುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿರುತ್ತೇವೆ. ಈ ಕ್ರಮ ತಿರುಗಬೇಕು. ಮೊದಲು ಸಮ, ಆಮೇಲೆ ವೇಗ.

ಹಿಂದಿನವರು ಮಾಡಿದ್ದು

ಈ ಬಗೆಯ ಬರವಣಿಗೆ ಹೊಸದಲ್ಲ. 1787ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ ‘ಡಾನ್ ಜಿಯೊವಾನಿ’ ಆಪೆರಾದಲ್ಲಿ ಮೊಜಾರ್ಟ್ ರಂಗದ ಮೇಲೆ ಮೂರು ಪುಟ್ಟ ವಾದ್ಯವೃಂದಗಳನ್ನು ಕೂರಿಸಿ, ಮೂರು ಬೇರೆ ತಾಳದ ನೃತ್ಯಗಳನ್ನು ಒಟ್ಟಿಗೆ ನುಡಿಸಿದ. ಅಮೆರಿಕದ ಚಾರ್ಲ್ಸ್ ಐವ್ಸ್ 1908ರಲ್ಲಿ ಬರೆದ ‘ದಿ ಅನ್‌ಆನ್ಸರ್ಡ್ ಕ್ವೆಶ್ಚನ್’ನಲ್ಲಿ ತಂತಿವಾದ್ಯಗಳು ದೂರದಲ್ಲಿ ಕೂತು ಒಂದೇ ನಿಧಾನಗತಿಯಲ್ಲಿ ಸಾಗುತ್ತವೆ, ಕೊಳಲುಗಳು ಪ್ರತಿ ಸಲ ಬಂದಾಗಲೂ ಇನ್ನಷ್ಟು ಚುರುಕಾಗುತ್ತವೆ. ಮೆಕ್ಸಿಕೋ ನಗರದಲ್ಲಿ ನೆಲೆಸಿದ್ದ ಕಾನ್ಲನ್ ನ್ಯಾನ್‌ಕಾರೋ (1912–1997) ಮನುಷ್ಯರ ಕೈಗೆ ಎಟುಕದ ವೇಗಗಳಿಗಾಗಿ, ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊವನ್ನು ಬಳಸಿದ. ಅವನ 21ನೆಯ ‘ಸ್ಟಡಿ’ಯಲ್ಲಿ ಒಂದು ಧ್ವನಿ ವೇಗ ಹೆಚ್ಚಿಸುತ್ತ ಹೋದರೆ ಇನ್ನೊಂದು ಇಳಿಸುತ್ತ ಬರುತ್ತದೆ. ಜರ್ಮನಿಯ ಸ್ಟಾಕ್‌ಹೌಸನ್‌ನ ‘ಗ್ರೂಪೆನ್’ 1958ರಲ್ಲಿ ಕಲೋನ್‌ನಲ್ಲಿ ಮೊದಲು ನುಡಿದಾಗ ಮೂರು ವೃಂದಗಳಿಗೆ ಮೂವರು ನಿರ್ದೇಶಕರು ಬೇಕಾದರು.

ನಮ್ಮ ಕರ್ನಾಟಕ ಸಂಗೀತದ ವಿದ್ಯಾರ್ಥಿಗಳಿಗೆ ಇದರ ಅರ್ಧ ತರಬೇತಿ ಸರಳೆವರಸೆಯಲ್ಲೇ ಆಗಿರುತ್ತದೆ. ಕೈಯಲ್ಲಿ ಒಂದೇ ತಾಳ, ಬಾಯಲ್ಲಿ ಮೂರು ಕಾಲ. ಪಲ್ಲವಿಯ ಅನುಲೋಮದಲ್ಲಿ ತಾಳ ಹಾಗೇ ಉಳಿದು ಸಾಹಿತ್ಯದ ವೇಗ ಏರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಹಾಡುವವರೂ ಕೇಳುವವರೂ ಹಿಡಿದಿರುವುದು ಒಂದೇ ತಾಳ. ಇಲ್ಲಿ ಕೇಳುವವರಿಗೆ ಎರಡನೆಯ ತಾಳವೇ ಕೇಳಿಸಬೇಕು.

ಕಿವಿ ಎರಡು ವೇಗವನ್ನು ಯಾವಾಗ ಒಪ್ಪುತ್ತದೆ?

ಹೆಜ್ಜೆಗಳಿಗೆ ಹೋಗುವ ಮೊದಲು ಇದು ತಿಳಿದಿರಲಿ. ಗಣಪತಿ ಮೆರವಣಿಗೆಯಲ್ಲಿ ಮುಂದೆ ಡೊಳ್ಳು, ಹಿಂದೆ ಬ್ಯಾಂಡ್‌ಸೆಟ್ ಇದ್ದರೆ ನಡುವೆ ನಿಂತವರಿಗೆ ಎರಡೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಅದಕ್ಕೆ ಕಾರಣ ವೇಗ ಮಾತ್ರವಲ್ಲ. ನಾದ ಬೇರೆ, ಸ್ಥಾಯಿ ಬೇರೆ, ಬರುವ ದಿಕ್ಕು ಬೇರೆ. ಕೆನಡಾದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬ್ರೆಗ್‌ಮನ್ 1990ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ಗ್ರಂಥದಲ್ಲಿ, ಕಿವಿಗೆ ಬಿದ್ದ ಸದ್ದುಗಳನ್ನು ಮನಸ್ಸು ಹೀಗೆ ಬೇರೆಬೇರೆ ಎಳೆಗಳಾಗಿ ವಿಂಗಡಿಸುವ ಬಗೆಯನ್ನು ವಿವರಿಸಿದರು. ಇದೇ ಎರಡು ತಾಳವನ್ನು ಪಕ್ಕಪಕ್ಕ ಕೂತ ಎರಡು ಪಿಟೀಲು ಒಂದೇ ಸ್ಥಾಯಿಯಲ್ಲಿ ನುಡಿಸಿದರೆ ಎಳೆ ಬಿಡಿಸುವುದಕ್ಕೆ ಆಧಾರವೇ ಇರುವುದಿಲ್ಲ. ಎರಡೂ ಸೇರಿ ಒಂದು ಗೋಜಲಾಗುತ್ತದೆ.

ಎರಡನೆಯ ಸಂಗತಿ, ಎರಡು ವೇಗಗಳು ಎಷ್ಟು ಹೊತ್ತಿಗೊಮ್ಮೆ ಕೂಡುತ್ತವೆ ಎಂಬುದು. ಪದೇಪದೇ ಕೂಡಿದರೆ ಕಿವಿ ಅದನ್ನು ಒಂದೇ ತಾಳದೊಳಗಿನ ನಡೆಯ ಹೆಣಿಗೆ ಎಂದುಕೊಳ್ಳುತ್ತದೆ. ತೀರ ಅಪರೂಪಕ್ಕೆ ಕೂಡಿದರೆ ಕೇಳುವವರು ಕಾಯುವುದನ್ನೇ ಬಿಟ್ಟುಬಿಡುತ್ತಾರೆ. ಇವೆರಡರ ನಡುವಿನ ಅಂತರವೇ ನಿಮ್ಮ ಕೆಲಸದ ಜಾಗ.

ಕೂಡುವ ಹೊತ್ತನ್ನು ಲೆಕ್ಕ ಹಾಕುವುದು ಸುಲಭ. ಎರಡು ವೇಗಗಳನ್ನೂ ನಿಮಿಷಕ್ಕೆ ಇಷ್ಟು ಅಕ್ಷರ ಎಂದು ಬರೆದುಕೊಂಡು, ಶಾಲೆಯಲ್ಲಿ ಕಲಿತ ಮ.ಸಾ.ಅ. ತೆಗೆಯಿರಿ. ಬಂದ ಸಂಖ್ಯೆ ಎಷ್ಟೋ, ನಿಮಿಷಕ್ಕೆ ಅಷ್ಟು ಸಲ ಪೆಟ್ಟುಗಳು ಕೂಡುತ್ತವೆ.

- 60 ಮತ್ತು 120: ಪ್ರತಿ ಸೆಕೆಂಡಿಗೂ ಭೇಟಿ. ಇದು ಎರಡನೆಯ ಕಾಲ, ಎರಡನೆಯ ವೇಗವಲ್ಲ.
- 60 ಮತ್ತು 90: 2 ಸೆಕೆಂಡಿಗೊಮ್ಮೆ. ತಿಶ್ರದ ಹೆಣಿಗೆಯಂತೆ ಕೇಳುತ್ತದೆ.
- 60 ಮತ್ತು 80: 3 ಸೆಕೆಂಡಿಗೊಮ್ಮೆ. ಕಲಿಯಲು ಇದು ಸೂಕ್ತ.
- 60 ಮತ್ತು 75: 4 ಸೆಕೆಂಡಿಗೊಮ್ಮೆ. ವೇಗಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ.
- 60 ಮತ್ತು 70: 6 ಸೆಕೆಂಡಿಗೊಮ್ಮೆ. ಕಿವಿಯಲ್ಲಿ ಕ್ಲಿಕ್ ಇಲ್ಲದೆ ಹಿಡಿದಿಡುವುದು ಕಷ್ಟ.
- 60 ಮತ್ತು 61: ನಿಮಿಷಕ್ಕೊಮ್ಮೆ. ಒಂದರಿಂದೊಂದು ಮೆಲ್ಲಗೆ ಜಾರುತ್ತ ಹೋಗುವ ಪರಿಣಾಮ. ಸ್ಟೀವ್ ರೈಕ್ 1967ರ ‘ಪಿಯಾನೊ ಫೇಸ್’ನಲ್ಲಿ ಇಂಥ ಜಾರುವಿಕೆಯನ್ನೇ ರಚನೆಯ ಬೆನ್ನೆಲುಬು ಮಾಡಿಕೊಂಡ.

ಇದು ಬಿಡಿ ಪೆಟ್ಟುಗಳ ಭೇಟಿ. ಸಮಗಳ ಭೇಟಿ ಇನ್ನೂ ದೂರ. ಎರಡೂ ಗುಂಪು ಆದಿತಾಳದಲ್ಲಿದ್ದರೆ 60ರ ಗುಂಪು 3 ಆವರ್ತ ಮುಗಿಸುವ ಹೊತ್ತಿಗೆ 80ರ ಗುಂಪು 4 ಆವರ್ತ ಮುಗಿಸುತ್ತದೆ. ಅಂದರೆ 24 ಸೆಕೆಂಡಿಗೊಮ್ಮೆ ಸಮಕ್ಕೆ ಸಮ. ಈ 24 ಸೆಕೆಂಡೇ ಮುಂದಿನ ಹೆಜ್ಜೆಗಳ ಅಳತೆಗೋಲು.

ಬರೆಯುವ ಹೆಜ್ಜೆಗಳು

1. ಕಾಗದದ ಮೇಲೆ ಮೊದಲು ಸಮ ಗುರುತಿಸಿ. ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆ ಎಳೆದು 2 ಸೆಕೆಂಡಿಗೆ 1 ಸೆಂಟಿಮೀಟರ್ ಲೆಕ್ಕ ಹಿಡಿಯಿರಿ. 24 ಸೆಕೆಂಡಿಗೆ 12 ಸೆಂಟಿಮೀಟರ್ ಆಗುತ್ತದೆ. ಅಲ್ಲಿ ಒಂದು ಉದ್ದಗೆರೆ ಎಳೆಯಿರಿ. ಇಂಥ ನಾಲ್ಕು ಮನೆ ಮಾಡಿದರೆ 96 ಸೆಕೆಂಡಿನ ಪುಟ್ಟ ರಚನೆಗೆ ಚೌಕಟ್ಟು ಸಿದ್ಧ. ಸ್ವರಗಳ ಯೋಚನೆ ಈಗಲೇ ಬೇಡ.

2. ವೇಗಗಳನ್ನು ಒಂದು ಸಾಮಾನ್ಯ ಮಾತ್ರೆಯಿಂದ ತೆಗೆಯಿರಿ. ಮೊದಲ ಪ್ರಯತ್ನಕ್ಕೆ 40, 60, 80 ಸಾಕು. ನಿಮಿಷಕ್ಕೆ 240 ಮಾತ್ರೆ ಓಡುತ್ತಿದೆ ಎಂದುಕೊಳ್ಳಿ. 6 ಮಾತ್ರೆಗೊಂದು ಪೆಟ್ಟು ಹಾಕಿದರೆ 40, 4 ಮಾತ್ರೆಗೊಂದಾದರೆ 60, 3 ಮಾತ್ರೆಗೊಂದಾದರೆ 80. ಕೊನ್ನಕೋಲಿನಲ್ಲಿ ಹೇಳಿ ನೋಡಿ. 12 ಮಾತ್ರೆಗಳಲ್ಲಿ ಒಬ್ಬರು ‘ತಕ ತಕದಿಮಿ’ ಎರಡು ಸಲ, ಇನ್ನೊಬ್ಬರು ‘ತಕದಿಮಿ’ ಮೂರು ಸಲ, ಮತ್ತೊಬ್ಬರು ‘ತಕಿಟ’ ನಾಲ್ಕು ಸಲ ಹೇಳಿದರೆ 3 ಸೆಕೆಂಡಿಗೆ ಮೂವರೂ ಕೂಡುತ್ತಾರೆ. 24 ಸೆಕೆಂಡಿನಲ್ಲಿ ಮೂರು ಗುಂಪುಗಳೂ ಕ್ರಮವಾಗಿ 2, 3, 4 ಆವರ್ತ ಮುಗಿಸುತ್ತವೆ. ಇಲ್ಲಿ 40 ಮತ್ತು 80 ಒಂದೇ ವೇಗದ ಎರಡು ಕಾಲಗಳು, ನಿಜವಾಗಿ ಹೊರಗಿನದು 60. ಹೊಸಬರಿಗೆ ಇದು ಅನುಕೂಲವೇ. ಕೈ ಕುದುರಿದ ಮೇಲೆ 45, 60, 75ಕ್ಕೆ ಹೋಗಿ. ಅಲ್ಲಿ 32 ಸೆಕೆಂಡಿನಲ್ಲಿ 3, 4, 5 ಆವರ್ತ ಮುಗಿದು ಸಮ ಕೂಡುತ್ತದೆ.

3. ಗುಂಪುಗಳ ನಾದವನ್ನು ದೂರ ಮಾಡಿ. ಮಂದ್ರದಲ್ಲಿ ವೀಣೆ (40), ಮಧ್ಯದಲ್ಲಿ ಎರಡು ಪಿಟೀಲು ಮತ್ತು ಮೃದಂಗ (60), ತಾರದಲ್ಲಿ ಕೊಳಲು ಮತ್ತು ಖಂಜಿರ (80). ವೇದಿಕೆಯಲ್ಲೂ ಎಡ, ನಡು, ಬಲ ಎಂದು ಬೇರೆಬೇರೆ ಕೂರಿಸಿ. ನಿಮ್ಮಲ್ಲಿ ಒಂದೇ ಬಗೆಯ ವಾದ್ಯಗಳಷ್ಟೇ ಇದ್ದರೆ ಒಂದು ಗುಂಪಿಗೆ ಮೀಟು, ಇನ್ನೊಂದಕ್ಕೆ ಕಮಾನು ಎಂದು ನುಡಿಸುವ ಬಗೆಯಲ್ಲಾದರೂ ವ್ಯತ್ಯಾಸ ತನ್ನಿ.

4. ಯಾವ ಸ್ವರ ಯಾವುದಕ್ಕೆ ತಾಗಿದರೂ ನೋಯದ ರಾಗ ಆರಿಸಿ. ವೇಗಗಳು ಬೇರೆಯಾದಾಗ ಯಾವ ಸ್ವರ ಯಾವ ಸ್ವರದ ಎದುರು ಬೀಳುತ್ತದೆ ಎಂಬುದು ಪೂರ್ತಿ ನಿಮ್ಮ ಕೈಯಲ್ಲಿರುವುದಿಲ್ಲ. ಮೋಹನ, ಮಧ್ಯಮಾವತಿ, ಶುದ್ಧ ಸಾವೇರಿಯಂಥ ಔಡವ ರಾಗಗಳಲ್ಲಿ ಅಕ್ಕಪಕ್ಕದ ಸ್ವರಗಳ ನಡುವೆ ಅರ್ಧಸ್ವರದ ಅಂತರ ಎಲ್ಲೂ ಇಲ್ಲ. ಹಾಗಾಗಿ ಕರ್ಕಶವಾದ ಡಿಕ್ಕಿ ತಪ್ಪುತ್ತದೆ. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1977ರಲ್ಲಿ ಬೆಂಜಮಿನ್ ಬ್ರಿಟನ್ ನೆನಪಿಗೆ ಬರೆದ ‘ಕ್ಯಾಂಟಸ್’ನಲ್ಲಿ, ಇಳಿಯುವ ಒಂದೇ ಸ್ವರಶ್ರೇಣಿಯನ್ನು ತಂತಿವಾದ್ಯಗಳಿಗೆ ಕೊಟ್ಟು, ಪ್ರತಿ ಧ್ವನಿಯನ್ನೂ ಅದರ ಮೇಲಿನದಕ್ಕಿಂತ ಅರ್ಧ ವೇಗದಲ್ಲಿ ನಡೆಸಿದ. ಸ್ವರಸಾಮಗ್ರಿ ಅಷ್ಟು ಸರಳವಾಗಿದ್ದುದರಿಂದಲೇ ಪದರಗಳು ಕಲಸಿಹೋಗಲಿಲ್ಲ.

5. ಪ್ರತಿ ಗುಂಪಿಗೂ ಅದರದೇ ನಡೆ ಕೊಡಿ. ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹೆಜ್ಜೆ ಇದು. 80ರ ಕೊಳಲಿನವರು 60ರ ತಾಳದ ಮಾತ್ರೆಗಳನ್ನೇ ಮೂರು ಮೂರಾಗಿ ಎಣಿಸುತ್ತ ನುಡಿಸಿದರೆ, ಕೇಳುವವರಿಗೂ 60ರ ತಾಳದೊಳಗೆ ಒತ್ತು ಬದಲಾದಂತೆ ಕೇಳುತ್ತದೆಯೇ ಹೊರತು ಹೊಸ ವೇಗ ಕೇಳಿಸುವುದಿಲ್ಲ. ಕೊಳಲು ತನ್ನ ಪ್ರತಿ ಅಕ್ಷರವನ್ನೂ ನಾಲ್ಕು ಮಾತ್ರೆಯಾಗಿ ಒಡೆದು, ತನ್ನದೇ ಆದಿತಾಳದ ಎಂಟು ಅಕ್ಷರಕ್ಕೆ ತುಂಬುವ ಸಂಚಾರ ನುಡಿಸಬೇಕು. ಆಗ 3 ಸೆಕೆಂಡಿನಲ್ಲಿ ಪಿಟೀಲು 12 ಮಾತ್ರೆ ನಡೆದರೆ ಕೊಳಲು 16 ಮಾತ್ರೆ ನಡೆಯುತ್ತದೆ. ಸಾಮಾನ್ಯ ಮಾತ್ರೆ ಕಲಿಯಲು ಬೇಕು, ನುಡಿಸುವಾಗ ಅದನ್ನು ಮರೆಯಬೇಕು. ಸಂಚಾರಗಳ ಮೊದಲ ಸ್ವರವನ್ನು ಸ್ಪಷ್ಟವಾಗಿ ಮೀಟಿ ಅಥವಾ ಊದಿ ಹಿಡಿಯಲಿ. ಅದೇ ಜಾಗದಲ್ಲಿ ಉದ್ದದ ಕಂಪಿತ ಗಮಕ ಬಂದರೆ ಅಕ್ಷರ ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ.

6. ಒಬ್ಬೊಬ್ಬರನ್ನಾಗಿ ಒಳಗೆ ತನ್ನಿ. ಮೊದಲ ಮನೆಯಲ್ಲಿ 60ರ ಗುಂಪು ಮಾತ್ರ ನುಡಿದು ತಾಳ ನಾಟಲಿ. ಎರಡನೆಯ ಮನೆಯಲ್ಲಿ ಕೊಳಲು, ಖಂಜಿರ ಬರಲಿ. ಆಗ ಪಿಟೀಲು ಮಾತ್ರೆಗಳ ಓಟ ಬಿಟ್ಟು ಅಕ್ಷರಕ್ಕೊಂದು ಸ್ವರಕ್ಕೆ ಇಳಿಯಲಿ. ಮೂರನೆಯದರಲ್ಲಿ ವೀಣೆ ಸೇರಲಿ. ನಾಲ್ಕನೆಯದರಲ್ಲಿ ಮೂರೂ ಸೇರಿ ಮುಕ್ತಾಯದತ್ತ ಸಾಗಲಿ. ಯಾವುದೇ ಕ್ಷಣದಲ್ಲಿ ಒಂದು ಗುಂಪು ಮಾತ್ರ ಚುರುಕಾಗಿರಲಿ, ಉಳಿದವು ತೆರಪು ಬಿಡಲಿ.

7. ಮುಕ್ತಾಯವನ್ನು ಹಿಂದಿನಿಂದ ಎಣಿಸಿ. ಮೂರೂ ಗುಂಪಿಗೆ ಒಂದೇ ಮುಕ್ತಾಯ ಕೊಡೋಣ. ‘ತದಿಗಿಣತೊಂ’ ಮೂರು ಸಲ, ನಡುವೆ ಕಾರ್ವೆ ಇಲ್ಲದೆ, ಒಟ್ಟು 15 ಮಾತ್ರೆ. ಎಲ್ಲರೂ ತಂತಮ್ಮ ವೇಗದಲ್ಲಿ, ಸಮಕ್ಕೆ 15 ಮಾತ್ರೆ ಮೊದಲು ಎತ್ತಿಕೊಳ್ಳಬೇಕು. ಎಂದರೆ ಕೊನೆಯ ಆವರ್ತದ ಐದನೆಯ ಅಕ್ಷರ ಬಿದ್ದ ಮೇಲೆ ಒಂದು ಮಾತ್ರೆ ಬಿಟ್ಟು. ಗಡಿಯಾರದಲ್ಲಿ ನೋಡಿದರೆ ವೀಣೆ ಸಮಕ್ಕೆ ಸುಮಾರು 5.6 ಸೆಕೆಂಡ್ ಇರುವಾಗಲೇ ಎತ್ತಿಕೊಳ್ಳುತ್ತದೆ, ಪಿಟೀಲು 3.75 ಸೆಕೆಂಡ್ ಇರುವಾಗ, ಕೊಳಲು 2.8 ಸೆಕೆಂಡ್ ಇರುವಾಗ. ಒಂದೇ ಮಾತನ್ನು ಮೂವರು ಒಬ್ಬರಾದ ಮೇಲೊಬ್ಬರು ಶುರುಮಾಡಿ ಒಟ್ಟಿಗೆ ಮುಗಿಸಿದಂತೆ ಕೇಳುತ್ತದೆ. ವೇಗಗಳು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕೇಳುವವರಿಗೆ ಬೇಕಿಲ್ಲ.

8. ಭೇಟಿಯ ಜಾಗ ಬದಲಿಸಿ ನೋಡಿ. ಭೇಟಿ ಕೊನೆಯಲ್ಲೇ ಆಗಬೇಕೆಂದಿಲ್ಲ. 48 ಅಕ್ಷರದ ಒಂದೇ ಸಂಚಾರವನ್ನು 60ರ ಪಿಟೀಲು 48 ಸೆಕೆಂಡಿನಲ್ಲಿ, 80ರ ಕೊಳಲು 36 ಸೆಕೆಂಡಿನಲ್ಲಿ ಮುಗಿಸುತ್ತವೆ. ಕೊಳಲು 12 ಸೆಕೆಂಡ್ ತಡವಾಗಿ ಹೊರಟರೆ ಇಬ್ಬರೂ ಕೊನೆಯಲ್ಲಿ ಕೂಡುತ್ತಾರೆ. 6 ಸೆಕೆಂಡ್ ತಡವಾಗಿ ಹೊರಟರೆ ಸರಿಯಾಗಿ ನಡುವೆ, 24ನೆಯ ಸೆಕೆಂಡಿನಲ್ಲಿ, ಕೊಳಲು ಪಿಟೀಲನ್ನು ಹಿಡಿದು ಮುಂದೆ ಹೋಗುತ್ತದೆ. ಅಲ್ಲಿಯವರೆಗೆ ಅನುಕರಿಸುತ್ತಿದ್ದದ್ದು ಅಲ್ಲಿಂದಾಚೆ ಮುಂದಾಳಾಗುತ್ತದೆ.

ಬರೆದದ್ದನ್ನು ತಂಡಕ್ಕೆ ಕೊಡುವ ಬಗೆ

ಪ್ರತಿ ಗುಂಪಿಗೂ ಅದರದೇ ಆವರ್ತಗಳಿರುವ ಬೇರೆ ಹಾಳೆ ಕೊಡಿ. ಮೂರನ್ನೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಹೊಂದಿಸಲು ಹೋದರೆ ವಾದಕರ ಕಣ್ಣು ಪಕ್ಕದವರ ತಾಳಕ್ಕೆ ಜಾರುತ್ತದೆ. ನಿರ್ದೇಶಕರ ಹಾಳೆಯಲ್ಲಿ ಮಾತ್ರ ಮೇಲೆ ಸೆಕೆಂಡುಗಳ ಗೆರೆ, ಕೆಳಗೆ ಮೂರು ಗುಂಪಿನ ಆವರ್ತಗಳು, ನಡುವೆ ಸಮದ ಉದ್ದಗೆರೆಗಳಿರಲಿ. ಸ್ವರಲೇಖನದ ಸಾಮಾನ್ಯ ತಂತ್ರಾಂಶಗಳು ಇಡೀ ರಚನೆಗೆ ಒಂದೇ ಕಾಲಪ್ರಮಾಣ ಇಟ್ಟುಕೊಳ್ಳುತ್ತವೆ. ಆದ್ದರಿಂದ ಗುಂಪಿಗೊಂದು ಕಡತ ಮಾಡುವುದೇ ಸರಳ.

ಕಿವಿಗೆ ಕ್ಲಿಕ್ ಬೇಕಾದರೆ ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಅದರ ‘ರಿದಮ್ ಟ್ರ್ಯಾಕ್’ ಸೌಲಭ್ಯದಲ್ಲಿ ವೇಗ ಮತ್ತು ಆವರ್ತದ ಅಕ್ಷರಗಳನ್ನು ಕೊಟ್ಟರೆ ಕ್ಲಿಕ್ ತಯಾರಾಗುತ್ತದೆ. 60ರದ್ದನ್ನು ಪೂರ್ತಿ ಎಡಕ್ಕೆ, 80ರದ್ದನ್ನು ಪೂರ್ತಿ ಬಲಕ್ಕೆ ತಿರುಗಿಸಿ ಒಂದೇ ಕಡತವಾಗಿ ಉಳಿಸಿಕೊಳ್ಳಿ. ಒಂದು ಫೋನಿಗೆ ತಂತಿಯ ಕವಲು ಹಾಕಿ, ಒಂದು ಗುಂಪಿನವರು ಎಡ ಇಯರ್‌ಫೋನ್ ಮಾತ್ರ, ಇನ್ನೊಂದು ಗುಂಪಿನವರು ಬಲ ಇಯರ್‌ಫೋನ್ ಮಾತ್ರ ಇಟ್ಟುಕೊಳ್ಳಲಿ. 40ರ ವೀಣೆಯವರಿಗೆ ಬೇರೆ ಕ್ಲಿಕ್ ಬೇಡ, 80ರದ್ದರಲ್ಲಿ ಒಂದು ಬಿಟ್ಟು ಒಂದನ್ನು ಹಿಡಿದರಾಯಿತು.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ಪ್ರತಿ ಗುಂಪೂ ಬೇರೆ ಕೋಣೆಯಲ್ಲಿ ತನ್ನ ಕ್ಲಿಕ್‌ಗೆ ಪೂರ್ತಿ ನುಡಿಸಲಿ. ಆಮೇಲೆ ವಾದ್ಯಗಳನ್ನು ಕೆಳಗಿಟ್ಟು ಎಲ್ಲರೂ ಒಂದೇ ಕಡೆ ಕೂತು ಸೊಲ್ಲು ಹೇಳುತ್ತ ತಾಳ ಹಾಕಲಿ. ವಾದ್ಯಗಳು ಕೊನೆಗೆ. ಪ್ರತಿ ಸಾಮಾನ್ಯ ಸಮದಲ್ಲೂ ನಿರ್ದೇಶಕರು ಕೈಯೆತ್ತಿ ಇಳಿಸಲಿ. ದಾರಿ ತಪ್ಪಿದವರು ಅಲ್ಲಿ ಸೇರಿಕೊಳ್ಳಬಹುದು.

ಎಚ್ಚರಿಕೆಗಳು

- ಬ್ಲೂಟೂತ್ ಇಯರ್‌ಫೋನ್ ಬೇಡ. ಸದ್ದು ತಡವಾಗಿ ಬರುತ್ತದೆ, ಒಂದೊಂದರಲ್ಲಿ ಒಂದೊಂದಷ್ಟು ತಡ. ತಂತಿಯದೇ ಬಳಸಿ.
- ಎರಡು ಫೋನುಗಳಲ್ಲಿ ಎರಡು ಮೆಟ್ರೊನೋಮ್ ಒಟ್ಟಿಗೆ ಒತ್ತಿ ಹೊರಡುವುದನ್ನು ನಂಬಬೇಡಿ. ಮೊದಲ ಪೆಟ್ಟೇ ತಪ್ಪಿರುತ್ತದೆ, ಆ ತಪ್ಪು ಪ್ರತಿ ಸಮಕ್ಕೂ ಜೊತೆಗೆ ಬರುತ್ತದೆ.
- ಗುಂಪುಗಳನ್ನು ಅತಿ ದೂರ ಕೂರಿಸಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 34 ಮೀಟರ್ ಅಂತರಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡ. 80ರ ಕೊಳಲಿನ ಒಂದು ಮಾತ್ರೆ 0.19 ಸೆಕೆಂಡಿಗಿಂತ ತುಸು ಕಡಿಮೆ. ಅಂದರೆ ಪೆಟ್ಟು ಅರ್ಧ ಮಾತ್ರೆಗೂ ಮೀರಿ ತಪ್ಪುತ್ತದೆ, ಕಷ್ಟಪಟ್ಟು ಕಟ್ಟಿದ ಸಮ ಸಭಾಂಗಣದಲ್ಲಿ ಮಸುಕಾಗುತ್ತದೆ.
- ಕ್ಲಿಕ್‌ನ ಸದ್ದು ಕಡಿಮೆ ಇರಲಿ, ಒಂದು ಕಿವಿಗೆ ಮಾತ್ರ ಇರಲಿ. ಇನ್ನೊಂದು ಕಿವಿ ತಮ್ಮ ಗುಂಪಿಗೂ ಶ್ರುತಿಗೂ ತೆರೆದಿರಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಲಯವಾದ್ಯಕ್ಕೆ ಎಲ್ಲೆಡೆ ಸಮಾನ ಜೋರು ಕೊಡುವುದು.* ಕೇಳುವವರು ವೇಗವನ್ನು ಹಿಡಿಯುವುದು ಮುಖ್ಯವಾಗಿ ಲಯವಾದ್ಯದಿಂದ. ಮೃದಂಗ ಜೋರಾಗಿದ್ದರೆ ಕೊಳಲಿನ ವೇಗ ಎಷ್ಟೇ ಸ್ವತಂತ್ರವಾಗಿದ್ದರೂ ಮೃದಂಗದ ಮೇಲಿನ ಅಲಂಕಾರವಾಗಿಬಿಡುತ್ತದೆ. ಖಂಜಿರ ಬರುವಾಗ ಮೃದಂಗ ತಗ್ಗಬೇಕು.

*ಪ್ರತಿ ಭೇಟಿಗೂ ಅಬ್ಬರ.* 24 ಸೆಕೆಂಡಿಗೊಮ್ಮೆ ಎಲ್ಲರೂ ಧಾಂ ಎಂದು ಬಿದ್ದರೆ ಮೂರನೆಯ ಸಲಕ್ಕೆ ಕೇಳುವವರು ಮೊದಲೇ ಊಹಿಸುತ್ತಾರೆ. ಮೊದಲ ಭೇಟಿಯನ್ನು ಸುಮ್ಮನೆ ದಾಟಿಸಿ, ಎರಡನೆಯದರಲ್ಲಿ ಒಂದು ಗುಂಪು ಅನಾಗತದಲ್ಲಿ ಎತ್ತಿಕೊಳ್ಳಲಿ, ಪೂರ್ತಿ ಒತ್ತನ್ನು ಕೊನೆಯದಕ್ಕೆ ಉಳಿಸಿ.

*ಗಣಿತ ಸರಿಯಿದ್ದರೆ ಸಂಗೀತ ಸರಿ ಎಂದುಕೊಳ್ಳುವುದು.* 13ಕ್ಕೆ 17ರ ಅನುಪಾತ ಕಾಗದದ ಮೇಲೆ ಚೆಂದ. ಯಾರಿಗೂ ಕೇಳಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ. ತಾಳ ಎಣಿಸಲು ಬರದ ಸ್ನೇಹಿತರೊಬ್ಬರಿಗೆ ನುಡಿಸಿ ತೋರಿಸಿ. ಎಲ್ಲಿ ಎಲ್ಲರೂ ಒಟ್ಟಿಗೆ ಬಂದರೆಂದು ಅವರು ಬೆರಳು ಮಾಡಿದರೆ ರಚನೆ ಗೆದ್ದಂತೆ.

*ಉದ್ದ ಬರೆಯುವುದು.* ಎರಡು ವೇಗಗಳನ್ನು ಒಟ್ಟಿಗೆ ಹಿಡಿದಿಡುವುದು ವಾದಕರಿಗೂ ಕೇಳುವವರಿಗೂ ದಣಿವಿನ ಕೆಲಸ. ನಡುನಡುವೆ ಎಲ್ಲರೂ ಒಂದೇ ವೇಗಕ್ಕೆ ಬರುವ ಒಂದೆರಡು ಆವರ್ತ ಇದ್ದರೆ ಮುಂದಿನ ಬೇರ್ಪಡಿಕೆ ಇನ್ನಷ್ಟು ಎದ್ದು ಕಾಣುತ್ತದೆ.

ಇಷ್ಟನ್ನೂ ಓದಿ ಇದಕ್ಕೆ ದೊಡ್ಡ ವೃಂದವೇ ಬೇಕು ಎಂದುಕೊಳ್ಳಬೇಡಿ. ಒಂದು ಕೊಳಲು, ಒಂದು ಪಿಟೀಲು, ಮೋಹನ ರಾಗ, 60 ಮತ್ತು 80ರ ಎರಡು ವೇಗ, ಒಂದು ಮುಕ್ತಾಯ. ಈ ವಾರ 24 ಸೆಕೆಂಡಿನ ಒಂದೇ ಮನೆಯನ್ನು ಬರೆದು ಇಬ್ಬರಿಗೆ ಕೊಡಿ. ಅದು ಸಮಕ್ಕೆ ಸರಿಯಾಗಿ ಬಂದು ನಿಂತರೆ ಎರಡನೆಯ ಮನೆ ಬರೆಯಿರಿ. ನಿಲ್ಲದಿದ್ದರೆ ವೇಗಗಳನ್ನು ಮುಟ್ಟಬೇಡಿ, ಎತ್ತುಗಡೆಯ ಲೆಕ್ಕವನ್ನು ಮತ್ತೊಮ್ಮೆ ನೋಡಿ.